ಅತ್ತೆ ಅರ್ಧಕ್ಕೆ ನಿಲ್ಲಿಸಿದ ಪದ್ಯ

ಮನೆಯಿಂದ ಹೊರಡುವಾಗ ಕೆಲೆಪಿ ತೊಡುತ್ತಿದ್ದದ್ದು ಗೋದಾಮಿನ ಕೆಲಸಗಾರರ ಹಳದಿ ಅಂಗಿ, ಬೆಳಕು ಬಿದ್ದರೆ ಫಳಫಳ ಹೊಳೆಯುವಂಥದು. ಮೌಂಟ್ ಡ್ರೂಯಿಟ್ ಸ್ಟೇಷನ್ ದಾಟಿ, ಪೆಟ್ರೋಲ್ ಬಂಕಿನ ಮೂಲೆಯಲ್ಲಿ ಕಾರು ನಿಲ್ಲಿಸಿ, ಸೀಟನ್ನು ಹಿಂದಕ್ಕೆ ತಳ್ಳಿ, ತನ್ನ ನೂರ ಮೂವತ್ತು ಕಿಲೋ ಮೈಯನ್ನು ಹೇಗೋ ಮಡಚಿಕೊಂಡು ಅದನ್ನು ಕಳಚಿ, ತಿಳಿನೇರಳೆ ಅಂಗಿ ಹಾಕಿಕೊಳ್ಳುತ್ತಿದ್ದ. ಅದರ ಎದೆಯ ಮೇಲೊಂದು ಹೂವಿನ ಚಿತ್ರ, ಹೂವಿನ ಕೆಳಗೆ ಅವನ ಹೆಸರು. ಸಂಜೆ ವಾಪಸಾಗುವಾಗ ಅದೇ ಮೂಲೆ, ಮತ್ತೆ ಹಳದಿ. ಹದಿನಾಲ್ಕು ತಿಂಗಳಿಂದ ಹೀಗೇ ನಡೆದಿತ್ತು.

ಬಂಧುಬಳಗಕ್ಕೆಲ್ಲ ಅವನು ಗೋದಾಮಿನ ಮೇಸ್ತ್ರಿ. ಅಲ್ಲಿ ಹನ್ನೊಂದು ವರ್ಷ ಫೋರ್ಕ್‌ಲಿಫ್ಟ್ ಓಡಿಸಿದ್ದೇನೋ ನಿಜ. ಆಮೇಲೆ ತಮ್ಮಷ್ಟಕ್ಕೆ ತಾವೇ ಓಡಾಡುವ ಯಂತ್ರಗಳು ಬಂದವು, ನಲವತ್ತು ಜನ ಮನೆಗೆ ಹೋದರು. ಕೆಲೆಪಿ ಯಾರಿಗೂ ಹೇಳದೆ ಆರೈಕೆ ಕೆಲಸದ ತರಬೇತಿ ಮುಗಿಸಿ, ವಯಸ್ಸಾದವರನ್ನು ನೋಡಿಕೊಳ್ಳುವ ಒಂದು ಹೋಮಿಗೆ ಸೇರಿದ. ಎತ್ತುವುದು, ಕೂರಿಸುವುದು, ತೊಳೆಯುವುದು, ಒರೆಸುವುದು. ಟೋಂಗಾ ದ್ವೀಪಗಳ ಗಂಡಸು ಈ ಸಿಡ್ನಿಯಲ್ಲಿ ಕಾಂಕ್ರೀಟು ಸುರಿಯಬಹುದು, ಮನೆ ಸಾಮಾನು ಹೊರಬಹುದು, ಬಾರಿನ ಬಾಗಿಲಲ್ಲಿ ಕೈಕಟ್ಟಿ ನಿಂತು ಕುಡುಕರನ್ನು ಬೀದಿಗೆ ಎಸೆಯಬಹುದು. ಮುದುಕಿಯರ ಒದ್ದೆ ಬಟ್ಟೆ ಬದಲಾಯಿಸುವುದು ಮಾತ್ರ ಅವನ ಕೆಲಸವೆಂದು ಯಾರೂ ಎಣಿಸಿರಲಿಲ್ಲ. ವಿಷಯ ಗೊತ್ತಿದ್ದದ್ದು ಹೆಂಡತಿ ಲೇಸಿಯೆಲಿಗೊಬ್ಬಳಿಗೇ. ಅವಳು ನೇರಳೆ ಅಂಗಿಯನ್ನು ಒಗೆದು ಹೊರಗೆ ಒಣಹಾಕದೆ ಬಚ್ಚಲಲ್ಲೇ ತೂಗುಹಾಕುತ್ತಿದ್ದಳು.

ಅವನಿಗೇ ಒಪ್ಪಿಕೊಳ್ಳಲು ಕಷ್ಟವಾಗಿದ್ದೆಂದರೆ, ಆ ಕೆಲಸ ಅವನ ಕೈಗೆ ಒಗ್ಗಿತ್ತು. ಬೇರೆಯವರು ಇಬ್ಬರು ಸೇರಿ ಎತ್ತುವ ಮೈಯನ್ನು ಅವನೊಬ್ಬನೇ ತೊಟ್ಟಿಲ ಕೂಸಿನಂತೆ ಎತ್ತುತ್ತಿದ್ದ. ಎತ್ತುವಾಗ ಏನಾದರೊಂದು ಗುನುಗುತ್ತಿದ್ದ. ನೋವು ಮರೆತು ಮುದುಕಿಯರು, "ನಿಲ್ಲಿಸಬೇಡ, ಹಾಡು" ಅನ್ನುತ್ತಿದ್ದರು. ಹಾಗೆ ಅಂದಾಗ ಅವನಿಗೆ ಒಳಗೊಳಗೇ ಹಿತವಾಗುತ್ತಿತ್ತು. ಹಿತವಾದದ್ದಕ್ಕೆ ನಾಚಿಕೆಯೂ ಆಗುತ್ತಿತ್ತು.

ಅಂದು ಬುಧವಾರ. ಬೆಳಗಿನ ತಿಂಡಿ ಇನ್ನೂ ಬಂದಿರಲಿಲ್ಲ. ಏಳನೇ ಕೋಣೆಯಲ್ಲಿ ಯಾರೋ ಗಂಟೆ ಒತ್ತಿದರು, ಬಾಗಿಲ ಮೇಲೆ ಕೆಂಪು ದೀಪ ಹತ್ತಿತು. ಹಿಂದಿನ ಸಂಜೆ ಯಾರೋ ಹೊಸಬರು ಬಂದಿದ್ದಾರೆ, ಸೊಂಟದ ಆಪರೇಷನ್ ಆದವರು, ಎರಡು ವಾರ ಇರುತ್ತಾರೆ ಎಂದಷ್ಟೇ ಅವನಿಗೆ ಹೇಳಿದ್ದರು. ಬಾಗಿಲ ಹತ್ತಿರ ಹೋಗುವಷ್ಟರಲ್ಲಿ ಒಳಗಿನಿಂದ ದನಿ ಕೇಳಿತು.

"ಯಾರಾದ್ರೂ ಇದ್ದೀರೇನಮ್ಮಾ? ಹಾಸಿಗೆ ಒದ್ದೆ ಆಗ್ತಿದೆ."

ಟೋಂಗಾದ ಮಾತು. ಅತ್ತೆ ಟೆಲೇಸಿಯಾಳ ದನಿ.

ಅಪ್ಪನ ಸ್ವಂತ ಅಕ್ಕ. ಹನ್ನೆರಡನೇ ವಯಸ್ಸಿನಲ್ಲಿ ಅವನನ್ನು ಟೋಂಗಾದ ಹಾಪಾಯ್ ದ್ವೀಪದಿಂದ ಇಲ್ಲಿಗೆ ಕರೆಸಿಕೊಂಡು, ತನ್ನ ಮಗ ಸಾಟೆಕಿಯ ಜೊತೆ ಒಂದೇ ಚಾಪೆಯಲ್ಲಿ ಮಲಗಿಸಿ ಬೆಳೆಸಿದವಳು. ಅವರ ಪೈಕಿ ಸೋದರತ್ತೆಗಿಂತ ಮೇಲೆ ಯಾರೂ ಇಲ್ಲ. ಅಪ್ಪನೇ ಅವಳ ಮುಂದೆ ತಗ್ಗಿ ಕೂರುತ್ತಿದ್ದ. ಅವಳ ತಲೆ ಮುಟ್ಟುವಂತಿಲ್ಲ, ಹಾಸಿಗೆಯ ಮೇಲೆ ಕೂರುವಂತಿಲ್ಲ, ಅವಳ ತಟ್ಟೆಯಲ್ಲಿ ಉಳಿದದ್ದನ್ನು ಬಾಯಿಗೆ ಹಾಕಿಕೊಳ್ಳುವಂತಿಲ್ಲ. ಅದು ಹಿಂದಿನವರು ಕಟ್ಟಿದ ಕಟ್ಟು. ಮುರಿದರೆ ಗಂಟಲು ಊದುತ್ತದೆ ಎಂದು ಹೇಳಿಸಿಕೊಂಡೇ ಬೆಳೆದವನು ಕೆಲೆಪಿ.

ಅವನು ಬಾಗಿಲ ಚೌಕಟ್ಟಿನ ಪಕ್ಕ ಗೋಡೆಗೆ ಬೆನ್ನು ಹಚ್ಚಿ ನಿಂತ. ಗಂಟೆ ಆರಿಸುವ ಗುಂಡಿ ಒಳಗಡೆ, ಬಾಗಿಲಿಗೆ ಹೊಂದಿಕೊಂಡೇ ಇತ್ತು. ಕೈಯೊಂದನ್ನೇ ಒಳಗೆ ಚಾಚಿ ಅದನ್ನು ಒತ್ತಿದ. ಕೆಂಪು ದೀಪ ಆರಿತು. ಮುಖ ತೋರಿಸಲಿಲ್ಲ. ಎದುರಿಗಿದ್ದ ಬಟ್ಟೆ ಕೋಣೆಗೆ ಹೋಗಿ ಟವೆಲ್ಲುಗಳನ್ನು ಮಡಿಸತೊಡಗಿದ.

ಮೊದಲು ಅವನ ಮನಸ್ಸು ಹಗುರವಾಯಿತು. 'ಕಟ್ಟು ಅಂದ ಮೇಲೆ ಕಟ್ಟು. ಸೋದರಳಿಯನಾದವನು ಹೇಗೆ ಮುಟ್ಟೋದು?' ಎಂದುಕೊಂಡ. ಆದರೆ ಜೊತೆಯ ಕೆಲಸದವಳು, ನೇಪಾಳದ ಪವಿತ್ರಾ, ಎರಡು ಕೋಣೆ ಆಚೆಗೇ ಇದ್ದಳು. ಅವಳ ನಗು ಇಲ್ಲಿಗೇ ಕೇಳುತ್ತಿತ್ತು. "ಪವಿತ್ರಾ, ಏಳನೇ ಕೋಣೆ" ಎಂದು ಮೂರು ಮಾತು ಅಂದಿದ್ದರೆ ಸಾಕಿತ್ತು. ಅನ್ನಲಿಲ್ಲ. ಅಂದರೆ ಅವಳು ಯಾಕೆ, ಏನು ಎಂದು ಕೇಳುತ್ತಾಳೆ. ಆಮೇಲೆ ಅತ್ತೆಯ ಹಾಸಿಗೆಯ ಪಕ್ಕ ನಿಂತು, 'ನಮ್ಮ ಕೆಲೆಪಿಯೂ ನಿಮ್ಮ ಕಡೆಯವನೇ' ಅಂದುಬಿಡುತ್ತಾಳೆ. ಭಾನುವಾರದ ಹೊತ್ತಿಗೆ ಇಡೀ ಚರ್ಚಿಗೆ ಗೊತ್ತಾಗುತ್ತದೆ.

ಟವೆಲ್ಲು ಮಡಿಸಿದ. ಮಡಿಸಿದ್ದನ್ನು ಬಿಚ್ಚಿ ಮತ್ತೆ ಮಡಿಸಿದ.

ಆಗ ಏಳನೇ ಕೋಣೆಯಿಂದ ಪದ್ಯ ಕೇಳಿಸಿತು.

ಅದು ಯಾವ ಪುಸ್ತಕದಲ್ಲೂ ಇಲ್ಲದ ಪದ್ಯ. ಉಪದೇಶಿಯಾಗಿದ್ದ ಅಜ್ಜ ಮನೆಯ ಮಕ್ಕಳಿಗೆಂದು ಕಟ್ಟಿದ್ದು. ಮೇ ತಿಂಗಳ ಮಕ್ಕಳ ಭಾನುವಾರ ಚರ್ಚಿನ ನಡುವೆ ನಿಂತು ಹೇಳಲಿಕ್ಕೆ ಅತ್ತೆ ಅದನ್ನು ಅವನಿಗೆ ಬಾಯಿಪಾಠ ಮಾಡಿಸಿದ್ದಳು. ಪಾತ್ರೆ ತೊಳೆಯುತ್ತ, ಗೆಣಸು ಸುಲಿಯುತ್ತ, ಅವಳು ಅರ್ಧ ಸಾಲು ಹೇಳಿ ನಿಲ್ಲಿಸುವಳು. ಅವನು ಎಲ್ಲೇ ಇರಲಿ, ಹಿತ್ತಲಲ್ಲಿರಲಿ, ಬಚ್ಚಲಲ್ಲಿರಲಿ, ಉಳಿದರ್ಧ ಕೂಗಿ ಹೇಳಬೇಕು. ದನಿ ಸಣ್ಣದಾದರೆ, "ಕೇಳಿಸ್ಲಿಲ್ಲ!" ಎಂದು ಗದರುವಳು. ಚರ್ಚಿನಲ್ಲಿ ಅವನು ನಡುಗುತ್ತ ನಿಂತಾಗಲೂ ಮುಂದಿನ ಬೆಂಚಿನಿಂದ ತುಟಿಯಲ್ಲೇ ಅಂದಿದ್ದಳು, ಕೇಳಿಸ್ಲಿಲ್ಲ.

"ಮಳೆಯಲಿ ನೆನೆದು ಬಾಗಿಲಲಿ ನಿಂತವನಾರು?" ಎಂದು ಅತ್ತೆ ಹೇಳಿದಳು. ಹೇಳಿ ನಿಲ್ಲಿಸಿದಳು.

ಕೆಲೆಪಿಯ ತುಟಿ ತಾನಾಗಿ ಅಲುಗಿತು. ನಾನೇ ತಂದೆ, ತಡವಾಗಿ ಬಂದ ನಿನ್ನ ಮಗನು. ದನಿ ಹೊರಡಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಅದೇ ಅರ್ಧ ಸಾಲು. ಮತ್ತೆ ನಿಲುಗಡೆ. ಮೂರನೆಯ ಸಲ ದನಿ ಚೂರು ಒಡೆದಿತ್ತು. ಆಮೇಲೆ ಏನೂ ಕೇಳಲಿಲ್ಲ. ಪವಿತ್ರಾ ತಾನಾಗಿ ಏಳನೇ ಕೋಣೆಗೆ ಹೋಗುವಷ್ಟರಲ್ಲಿ ನಲವತ್ತು ನಿಮಿಷ ಕಳೆದಿತ್ತು. ಅವಳು ಹೊರಗೆ ಬಂದು, "ಅಯ್ಯೋ ಪಾಪ, ಆ ಅಜ್ಜಿ ಪೂರ್ತಿ ನೆನೆದುಹೋಗಿದ್ರು ಕಣಣ್ಣ, ಹಲ್ಲು ಕಟಕಟ ಅಂತಿತ್ತು. ಗಂಟೆ ಒತ್ತಿದ್ರಂತೆ. ನೀ ನೋಡ್ಲಿಲ್ವಾ?" ಎಂದಳು.

"ಇಲ್ಲ," ಎಂದ ಕೆಲೆಪಿ. ಅವನ ಮುಂದೆ ಟವೆಲ್ಲಿನ ಗೋಪುರವೇ ಎದ್ದಿತ್ತು.

ಗುರುವಾರ, ಶುಕ್ರವಾರ ಮೈ ಹುಷಾರಿಲ್ಲವೆಂದು ರಜೆ ಹಾಕಿದ. ಹಳದಿ ಅಂಗಿ ತೊಟ್ಟು ಪೆಟ್ರೋಲ್ ಬಂಕಿನ ಮೂಲೆಗೆ ಹೋಗಿ, ಸಂಜೆಯವರೆಗೆ ಕಾರಲ್ಲೇ ಕೂತು ಮನೆಗೆ ಬಂದ. ಲೇಸಿಯೆಲಿಗೂ ಹೇಳಲಿಲ್ಲ.

ಭಾನುವಾರ ಪ್ರಾರ್ಥನೆಗೆ ಮೊದಲು ಗಂಡಸರೆಲ್ಲ ಚರ್ಚಿನ ಹಿಂದಿನ ಹಾಲಿನಲ್ಲಿ ಪದ್ಧತಿಯಂತೆ ಸೊಂಟಕ್ಕೆ ಹೆಣೆದ ಚಾಪೆ ಸುತ್ತಿಕೊಂಡು, ಬೇರು ಅರೆದು ಕಲಸಿದ ಕಾವಾ ಕುಡಿಯಲು ದುಂಡಗೆ ಕೂತರು. ನಡುವೆ ಮರದ ಬೋಗುಣಿ, ಮೊಗೆದು ಕೊಡಲು ತೆಂಗಿನ ಚಿಪ್ಪು. ಮೊದಲ ಚಿಪ್ಪು ಹಿರಿಯರಾದ ಮೊಟೆಕಿಯಾಯ್ ಅವರಿಗೆ, ಆಮೇಲೆ ಅಂತಸ್ತಿಗೆ ತಕ್ಕಂತೆ. ಕೆಲೆಪಿಯ ಸರದಿ ಯಾವಾಗಲೂ ಬಾಗಿಲ ಹತ್ತಿರದವರ ಜೊತೆ, ಕೊನೆಗೆ.

ಸಾಟೆಕಿ ಅವತ್ತು ಮೊದಲಿನಿಂದಲೂ ಚಡಪಡಿಸುತ್ತಿದ್ದ. ಕೊನೆಗೆ ಗಂಟಲು ಸರಿಮಾಡಿಕೊಂಡು, "ಒಂದು ಮಾತು ಹೇಳ್ಬೇಕು. ನನ್ನ ತಾಯಿ ಎಲ್ರ ಮುಂದೆ ಹೇಳು ಅಂದಿದ್ದಾಳೆ," ಎಂದ. "ಆಪರೇಷನ್ ಆದ್ಮೇಲೆ ಅವ್ಳನ್ನ ಮನೆಗೆ ಕರ್ಕೊಂಡು ಬಂದಿಲ್ಲ. ಹೋಮಲ್ಲಿ ಬಿಟ್ಟಿದ್ದೀನಿ. ಎರಡೇ ವಾರ. ನಾವಿಬ್ರೂ ದುಡಿಯೋರು, ಮೆಟ್ಟಿಲು ಬೇರೆ..."

ಹೆತ್ತವಳನ್ನು ಹೊರಗೆ ಬಿಟ್ಟೆ ಎಂದು ಆ ಸುತ್ತಿನಲ್ಲಿ ಹಿಂದೆ ಯಾರೂ ಬಾಯಿಬಿಟ್ಟಿರಲಿಲ್ಲ. ಸಾಟೆಕಿಯ ಕಿವಿ ಕೆಂಪಗಾಗಿತ್ತು. ಕೆಲೆಪಿಗೆ ಆಗ ಅರ್ಥವಾಯಿತು, ಅತ್ತೆ ಬಂದ ಸುದ್ದಿ ತನಗೆ ಯಾಕೆ ಮುಟ್ಟಲಿಲ್ಲವೆಂದು. ಸಾಟೆಕಿಯೂ ತನ್ನ ಹಾಗೇ ಬಚ್ಚಿಟ್ಟಿದ್ದ.

"ಅಲ್ಲಿ ನಮ್ಮ ಕೆಲೆಪಿ ಕೆಲಸ ಮಾಡ್ತಾನೆ," ಎಂದ ಸಾಟೆಕಿ.

"ಸೆಕ್ಯೂರಿಟಿನಾ?" ಎಂದು ಯಾರೋ ಕೇಳಿದರು.

"ಅಲ್ಲ. ನೋಡ್ಕೊಳ್ಳೋ ಕೆಲಸ. ತೊಳೆಯೋದು, ಬಟ್ಟೆ ಹಾಕೋದು."

ಮೂಲೆಯಿಂದ ಒಬ್ಬ ಕಿಸಕ್ಕೆಂದ. ಅಷ್ಟೇ, ಕಟ್ಟೆ ಒಡೆಯಿತು.

"ಲೋ ಮೇಸ್ತ್ರಿ! ಗೋದಾಮಲ್ಲಿ ಅಜ್ಜಿಯರನ್ನ ಜೋಡಿಸಿ ಇಡ್ತಿದ್ದೆಯೇನೋ?"

"ಅಂಥಾ ಕೈಗೆ ಪೌಡರ್ ಡಬ್ಬಿ ಕೊಟ್ಟಿದ್ದಾರಲ್ರೋ!"

"ಆ ಹಳದಿ ಅಂಗಿ ನನಗೆ ಕೊಟ್ಬಿಡಪ್ಪ, ನಿನಗಿನ್ನು ಯಾಕೆ?"

ಕೆಲೆಪಿ ತನ್ನ ಮೊಣಕಾಲು ನೋಡುತ್ತ ಕೂತ. ಹದಿನಾಲ್ಕು ತಿಂಗಳು ಯಾವುದಕ್ಕೆ ಹೆದರಿದ್ದನೋ ಅದು ಬಂದೇಬಿಟ್ಟಿತ್ತು. ಅದು ಅವನು ಅಂದುಕೊಂಡಷ್ಟು ದೊಡ್ಡದಾಗಿರಲಿಲ್ಲ. ಎಷ್ಟೆಂದರೂ ನಗು, ನಕ್ಕು ಮುಗಿಯುವಂಥದು. ಇಷ್ಟಕ್ಕೋಸ್ಕರವೇ ಅಂದು ಅತ್ತೆಯನ್ನು ಒದ್ದೆಯಲ್ಲಿ ಬಿಟ್ಟದ್ದು?

"ಪೂರ್ತಿ ಕೇಳ್ರೋ," ಎಂದು ಸಾಟೆಕಿ ದನಿ ಎತ್ತಿದ. "ಬುಧವಾರ ಅಮ್ಮ ಗಂಟೆ ಒತ್ತಿದ್ಲಂತೆ. ಹಾಸಿಗೆ ಒದ್ದೆ. ಬಾಗಿಲ ಹತ್ರ ಒಂದು ಕೈ ಮಾತ್ರ ಕಾಣಿಸ್ತಂತೆ, ಮುಂಗೈ ಮೇಲೆ ಸುಟ್ಟ ಕಲೆ. ನಮ್ಮನೆ ಹಿತ್ತಲ ನೆಲದೊಲೆಯ ಕಲ್ಲು ತಾಗಿ ಆದ ಕಲೆ ಅದು, ಅಮ್ಮನೇ ಎಣ್ಣೆ ಹಚ್ಚಿದ್ದು, ಮರೀತಾಳಾ? ಕೆಲೆಪಿ ಅಂತ ಗೊತ್ತಾಯ್ತು. ಆದ್ರೆ ಇವನು ಒಳಗೆ ಕಾಲಿಡ್ಲಿಲ್ಲ. ಗಂಟೆ ಆರ್ಸಿ ಹೆಂಗಸನ್ನ ಕರೆಯೋಕೆ ಹೋದ. ಆ ಹೆಂಗಸು ಬರೋದು ತಡ ಆಯ್ತು, ಅದು ಬೇರೆ. ಅಮ್ಮ ಏನಂದ್ಲು ಗೊತ್ತಾ? 'ಬೆತ್ತಲಾದ ಅತ್ತೆಯನ್ನ ಕಣ್ಣೆತ್ತಿ ನೋಡ್ಲಿಲ್ಲ ನನ್ನಳಿಯ. ಇಂಥಾ ದೇಶದಲ್ಲಿ, ಇಂಥಾ ಕೆಲಸದಲ್ಲಿ ಇದ್ಕೊಂಡೂ ಕಟ್ಟು ಮುರೀಲಿಲ್ಲ. ನಾನು ಸಾಕಿದ್ದು ಗಂಡಸನ್ನೇ ಅಂತ ಎಲ್ರಿಗೂ ಹೇಳು' ಅಂದ್ಲು. ಹೇಳಿದ್ದೀನಿ."

ನಗು ನಿಂತಿತು. ಮೊಟೆಕಿಯಾಯ್ ಕಣ್ಣು ಮುಚ್ಚಿ ತಲೆದೂಗಿದರು. ಅವರ ಕೈಗೆ ಆಗಷ್ಟೇ ಬಂದಿದ್ದ ಎರಡನೇ ಸುತ್ತಿನ ಮೊದಲ ಚಿಪ್ಪನ್ನು ಅವರು ಕುಡಿಯಲಿಲ್ಲ.

"ಇದನ್ನ ಆ ಹುಡುಗನಿಗೆ ಕೊಡಿ," ಎಂದರು. "ನಮ್ಮ ಮಕ್ಕಳು ಇಲ್ಲಿ ಹಾಳಾಗಿ ಹೋದ್ರು ಅಂತೀವಿ. ಎಲ್ಲಪ್ಪಾ ಹಾಳಾಗಿದ್ದಾರೆ?"

ಚಿಪ್ಪು ಕೈಯಿಂದ ಕೈಗೆ ದಾಟಿ ಬಂತು. ಕೆಲೆಪಿ ಬಾಯಿ ತೆರೆದ. 'ಅದು ಹಾಗಲ್ಲ' ಎಂಬ ಮಾತು ನಾಲಗೆಯ ಬುಡದಲ್ಲೇ ಇತ್ತು. ಸುತ್ತ ಮೂವತ್ತು ಮುಖಗಳು, ಮೊದಲ ಬಾರಿ ಅವನನ್ನು ಹಾಗೆ ನೋಡುತ್ತಿದ್ದ ಮುಖಗಳು. ಸಾಟೆಕಿ ಕಣ್ಣೊರೆಸಿಕೊಳ್ಳುತ್ತಿದ್ದ. ಕೆಲೆಪಿ ಪದ್ಧತಿಯಂತೆ ಕೈ ತಟ್ಟಿ ಚಿಪ್ಪನ್ನು ಎತ್ತಿ ಗಟಗಟ ಕುಡಿದ. ಮಣ್ಣು ಕಲಸಿದ ನೀರಿನ ರುಚಿ. ಅದು ಯಾವತ್ತೂ ಇರುವ ರುಚಿಯೇ.

ಸುದ್ದಿ ಹೆಂಗಸರ ಕಡೆ ಹೋಗುವುದಕ್ಕೆ ಪ್ರಾರ್ಥನೆ ಮುಗಿಯುವಷ್ಟೂ ಹೊತ್ತು ಬೇಕಾಗಲಿಲ್ಲ. ಊಟದ ಮೇಜಿನಲ್ಲಿ ಕೆಸುವಿನೆಲೆಯಲ್ಲಿ ಸುತ್ತಿ ಬೇಯಿಸಿದ ಮಾಂಸದ ದೊಡ್ಡ ಗಂಟನ್ನು ಯಾರೋ ಅವನ ತಟ್ಟೆಗೆ ಇಟ್ಟರು. ಮನೆಗೆ ಬಂದ ಮೇಲೆ ಲೇಸಿಯೆಲಿ ನೇರಳೆ ಅಂಗಿಯನ್ನು ಒಗೆದು, ಬೀದಿಗೆ ಕಾಣುವ ತಂತಿಯ ಮೇಲೆ ಹರವಿದಳು.

"ಇನ್ನು ಆ ಕಾರಲ್ಲಿ ಒದ್ದಾಡೋದು ತಪ್ತು," ಎಂದು ನಕ್ಕಳು. ಆಮೇಲೆ ಅವನ ಮುಖ ನೋಡಿ, "ಯಾಕ್ರೀ? ಎಲ್ರೂ ಹೊಗಳೋವಾಗ ಹೆಣ ಹೊತ್ತೋರ ಹಾಗೆ ಇದ್ದೀರಲ್ಲ?"

"ಅತ್ತೆ ಆ ಪದ್ಯ ಮೂರು ಸಲ ಹೇಳಿದ್ರು, ಲೇಸಿ," ಎಂದ.

"ಯಾವ ಪದ್ಯ?"

ಅವನು ತಂತಿಯ ಮೇಲಿನ ಅಂಗಿಯ ಸುಕ್ಕು ಎಳೆದು ಸರಿಮಾಡತೊಡಗಿದ.

ಸೋಮವಾರ ಅವನು ನೇರಳೆ ಅಂಗಿಯಲ್ಲೇ ಮನೆಯಿಂದ ಹೊರಟ. ಬಂಕಿನ ಮೂಲೆ ದಾಟುವಾಗ ಅಭ್ಯಾಸಬಲದಿಂದ ಕಾರು ನಿಧಾನವಾಯಿತು. ಹೋಮಿನಲ್ಲಿ ಮೊದಲು ಎಂಟನೇ ಕೋಣೆ ಮುಗಿಸಿದ, ಒಂಬತ್ತು ಮುಗಿಸಿದ, ಹತ್ತೂ ಮುಗಿಸಿದ. ಇನ್ನು ಯಾವ ಕೋಣೆಯೂ ಉಳಿಯಲಿಲ್ಲ ಎಂದಾದ ಮೇಲೆ ಏಳನೆಯದರ ಬಾಗಿಲಿಗೆ ಬಂದು ಹೊಸ್ತಿಲಲ್ಲೇ ನೆಲದ ಮೇಲೆ ಕೂತ, ತಲೆ ತಗ್ಗಿಸಿ.

ಅತ್ತೆ ದಿಂಬಿಗೆ ಒರಗಿ ಕಿಟಕಿ ನೋಡುತ್ತಿದ್ದಳು. ಬಿಳಿ ಕೂದಲು ಬಿಚ್ಚಿತ್ತು. ಅಷ್ಟು ದೊಡ್ಡ ಹೆಂಗಸು ಹಾಸಿಗೆಯಲ್ಲಿ ಇಷ್ಟೇ ಇಷ್ಟಾಗಿದ್ದಳು.

"ಬಂದೆಯೇನೋ? ಎಲ್ಲಿ ಹಾಳಾಗಿ ಹೋಗಿದ್ದೆ ಇಷ್ಟು ದಿವ್ಸ? ಸಾಟೆಕಿ ಹೇಳಿದ್ನಾ?"

"ಹೇಳಿದ ಅತ್ತೆ."

"ಎಲ್ರ ಮುಂದೆ?"

"ಎಲ್ರ ಮುಂದೆ. ಮೊಟೆಕಿಯಾಯ್ ತಮ್ಮ ಚಿಪ್ಪು ನನಗೆ ಕೊಟ್ರು."

ಅತ್ತೆಯ ಮುಖ ಅರಳಿತು. "ಆ ಬಡಾಯಿಗಾರನಾ! ತನ್ನ ಮದುವೇಲೇ ಯಾರಿಗೂ ಬಿಟ್ಟುಕೊಡ್ಲಿಲ್ಲ ಮೊದಲನೇ ಚಿಪ್ಪನ್ನ." ಅವಳು ನಕ್ಕಳು. ನಗುವಾಗ ಸೊಂಟ ನೋಯಿತೇನೋ, ಕಣ್ಣು ಕಿರಿದಾಯಿತು.

ಆ ಮುಖ ಹಾಗೇ ಇರಲಿ ಎಂದು ಅವನ ಒಂದು ಮನಸ್ಸು ಅಂದಿತು. ಮುದುಕಿಗೆ ಸಂತೋಷ, ಸಾಟೆಕಿಗೆ ಸಮಾಧಾನ, ಯಾರಿಗೇನು ನಷ್ಟ? ಬುಧವಾರ ಅವನಿಗೆ ಬುದ್ಧಿ ಹೇಳಿದ್ದೂ ಇದೇ ಮನಸ್ಸು. ದನಿಯ ಗುರುತು ಸಿಕ್ಕಿತು.

"ಅತ್ತೆ, ನಾನು ಯಾರನ್ನೂ ಕರೆಯೋಕೆ ಹೋಗ್ಲಿಲ್ಲ."

"ಏನಂದೆ?"

"ಗಂಟೆ ಆರ್ಸಿ ಎದುರಿನ ಕೋಣೇಲಿ ಟವೆಲ್ ಮಡಿಸ್ತಾ ನಿಂತಿದ್ದೆ. ಪವಿತ್ರಾ ಅಲ್ಲೇ ಇದ್ಲು, ಎರಡು ಕೋಣೆ ಆಚೆ. ಕರೆದಿದ್ರೆ ಬರ್ತಿದ್ಲು. ಕರೀಲಿಲ್ಲ. ಕಟ್ಟಿಗೋಸ್ಕರ ಅಲ್ಲ ಅತ್ತೆ. ಈ ಕೆಲಸ ಮಾಡ್ತೀನಿ ಅಂತ ನಿಮಗೆ ಗೊತ್ತಾಗುತ್ತಲ್ಲ ಅಂತ. ನಾಚಿಕೆ ಆಯ್ತು. ಕಟ್ಟು ಅಂತ ನನಗೆ ನಾನೇ ಹೇಳ್ಕೊಂಡೆ."

ನಗು ಹೋದದ್ದು ಅವನಿಗೆ ಕಾಣಲಿಲ್ಲ, ಅವನು ನೆಲ ನೋಡುತ್ತಿದ್ದ. ಆದರೆ ಗೊತ್ತಾಯಿತು. ಓಣಿಯಲ್ಲಿ ತಿಂಡಿಯ ಗಾಡಿ ಕಿರುಗುಟ್ಟುತ್ತ ಹೋಯಿತು.

"ಪದ್ಯ ಕೇಳಿಸ್ತಾ?"

"ಕೇಳಿಸ್ತು."

"ಮೂರು ಸಲಾನೂ?"

"ಹೂಂ."

"ಅವನು ಹೆಂಗಸನ್ನ ಹುಡುಕ್ತಾ ಎಲ್ಲೋ ದೂರ ಹೋಗಿದ್ದಾನೆ, ಹತ್ರ ಇದ್ದಿದ್ರೆ ಓಗೊಡ್ತಿದ್ದ, ಅಂದ್ಕೊಂಡು ಮಲ್ಗಿದ್ದೆ ನಾನು. ಚಳಿ ಆದ್ರೂ ಮತ್ತೆ ಗಂಟೆ ಒತ್ಲಿಲ್ಲ ಕಣೋ. ಇವನು ಮರ್ಯಾದೆ ಕಾಯ್ತಿದ್ದಾನೆ, ನಾನೂ ಕಾಯೋಣ ಅಂತ." ಅವಳ ದನಿ ಏರಲಿಲ್ಲ, ಅದೇ ಕಷ್ಟವಾಗಿತ್ತು. "ಕಟ್ಟು ಅಂತೀಯಲ್ಲ, ಅದು ಯಾರದ್ದು?"

"ಹಿರಿಯರದ್ದು."

"ನನ್ನದು. ನನ್ನ ಮೈಮೇಲಿರೋದು, ನಾನು ಬಿಚ್ಚಿದ್ರೆ ಬಿಚ್ಚಿತು. ನಿಮ್ಮಪ್ಪ ಸಾಯೋ ಮುಂಚೆ ನನ್ನ ತಲೆ ಬಾಚಿದ್ದಾನೆ, ಗೊತ್ತಾ ನಿನಗೆ? ನನ್ನ ಕೈ ಮುರಿದಿತ್ತು. ಬಾಗಿಲಲ್ಲಿ ನಿಂತು 'ಅಕ್ಕ, ಮುಟ್ಟಲಾ?' ಅಂತ ಕೇಳಿದ. ಮುಟ್ಟು ಅಂದೆ. ಅಷ್ಟೇ. ನೀನು ಕೇಳ್ಲೇ ಇಲ್ಲವಲ್ಲೋ."

ಅವನಿಗೆ ಅಳು ಬಂತು. ಅಷ್ಟು ದೊಡ್ಡ ದೇಹ ಹೊಸ್ತಿಲಲ್ಲಿ ಕೂತು ಅಳುವುದು ನೋಡಲಿಕ್ಕೆ ಚೆನ್ನಾಗಿರುವುದಿಲ್ಲ. ಅತ್ತೆ ಅವನನ್ನು ಸಮಾಧಾನ ಮಾಡಲಿಲ್ಲ. ಅವಳು ಮಂಚದ ಪಕ್ಕ ತಡಕಾಡಿ ಗಂಟೆಯ ಗುಂಡಿ ಒತ್ತಿದಳು. ಅವನ ತಲೆಯ ಮೇಲೆ ಕೆಂಪು ದೀಪ ಹತ್ತಿತು.

"ಆಚೆ ಹೋಗಿ ನಿಂತ್ಕೋ."

ಅವನು ಎದ್ದು ಓಣಿಗೆ ಹೋದ. ಪವಿತ್ರಾ ಬಟ್ಟೆ ಬುಟ್ಟಿ ಹಿಡಿದು ಬರುತ್ತಿದ್ದವಳು ಅವನ ಮುಖ ನೋಡಿ ನಿಂತಳು. ಎಂಟನೇ ಕೋಣೆಯ ಮುದುಕಿಯೂ ತನ್ನ ಗಾಲಿಕುರ್ಚಿಯನ್ನು ಬಾಗಿಲವರೆಗೆ ತಂದಿದ್ದಳು.

"ಮಳೆಯಲಿ ನೆನೆದು ಬಾಗಿಲಲಿ ನಿಂತವನಾರು?" ಒಳಗಿನಿಂದ ದನಿ ಬಂತು. ನಿಂತಿತು.

"ನಾನೇ ತಂದೆ," ಎಂದ ಕೆಲೆಪಿ, "ತಡವಾಗಿ ಬಂದ ನಿನ್ನ ಮಗನು."

ಓಣಿಯ ಈ ತುದಿಯಿಂದ ಆ ತುದಿಯವರೆಗೆ ಕೇಳಿಸಿತು. ಎಂಟನೇ ಕೋಣೆಯ ಮುದುಕಿ, "ಇನ್ನೊಂದು ಹಾಡು," ಎಂದಳು.

"ಅತ್ತೆ, ಒಳಗೆ ಬರಲಾ?"

"ಬಾ."

"ಮುಟ್ಟಲಾ?"

ಅವಳು ಹೊದಿಕೆಯ ಕೆಳಗಿನಿಂದ ಒಂದು ಪಾದ ಹೊರಗೆ ಚಾಚಿದಳು. "ಕಾಲು ಮಾತ್ರ. ತಲೆ ತೊಳೆಯೋಕೆ ಆ ಹುಡುಗಿ ಬರ್ಲಿ. ತಲೆ ಇನ್ನೂ ಕೊಟ್ಟಿಲ್ಲ ನಿನಗೆ."

ಅವನು ಬೋಗುಣಿಯಲ್ಲಿ ಬಿಸಿನೀರು ತಂದು ಮೊಣಕಾಲೂರಿ ಕೂತ. ಹಿಮ್ಮಡಿ ಒಡೆದಿತ್ತು. ಸಾವಿರ ಕಾಲು ತೊಳೆದ ಕೈ ಅವತ್ತು ಕಲಿಯುವವನ ಕೈಯಂತೆ ತಡವರಿಸಿತು, ನೀರು ನೆಲಕ್ಕೆಲ್ಲ ಚೆಲ್ಲಿತು. ಗುನುಗುವುದಕ್ಕೂ ಅವನಿಗೆ ಮುಖವಿರಲಿಲ್ಲ.

"ಮುಂದಿನ ಭಾನುವಾರ ಕಾವಾ ಕುಡಿಯೋಕೆ ಕೂರ್ತಾರಲ್ಲ," ಎಂದಳು ಅತ್ತೆ, ಕಿಟಕಿಯ ಕಡೆ ನೋಡುತ್ತಲೇ. "ಆ ಚಿಪ್ಪನ್ನ ಏನ್ಮಾಡ್ತೀಯ?"

ಮೂವತ್ತು ಮುಖಗಳು ಅವನ ಕಣ್ಣ ಮುಂದೆ ಬಂದವು. ಆ ಮುಖಗಳು ಮತ್ತೆ ನಗಲಿಕ್ಕಿಲ್ಲ. ನಗದೇ ಸುಮ್ಮನೆ ಕೂತು ಅವನನ್ನೇ ನೋಡುತ್ತವೆ. ಅವನು ಬಟ್ಟೆ ಹಿಂಡಿದ. ಹಿಂಡಿದ್ದನ್ನೇ ಮತ್ತೆ ಹಿಂಡಿದ.

"ಹೇಳ್ತೀನಿ ಅತ್ತೆ. ಎಲ್ರ ಮುಂದೆ."

ಅತ್ತೆ ಪಾದವನ್ನು ಅವನ ಕೈಯಿಂದ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ತಿರುಗಿಯೂ ನೋಡಲಿಲ್ಲ.

"ಕೇಳಿಸ್ಲಿಲ್ಲ," ಎಂದಳು.